ಅದೇ ಚೋಮ, ಅದೇ ದುಡಿ, ಬದಲಾದವರು ನಾವು

(ಮೂಡುಬಿದಿರೆ ಸಮೀಪದ ಪುತ್ತಿಗೆಯಲ್ಲಿ ಊರವರು ಸೇರಿ ನಡೆಸಿದ ಹಳೆಯ ಚಲನಚಿತ್ರಗಳ ಪ್ರದರ್ಶನದ ಸಂದರ್ಭದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಲಿಖಿತ ರೂಪ.)



ಒಮ್ಮೆ ನೋಡಿದ ಸಿನಿಮಾವನ್ನು ಮತ್ತೆ ಯಾಕೆ ನೋಡಬೇಕು? ಕತೆ ಗೊತ್ತು, ಕೊನೆಗೆ ಏನಾಗುತ್ತದೆ ಎಂಬುದೂ ಗೊತ್ತು. ಹೊಸ ಚಿತ್ರಗಳು ವಾರವಾರವೂ ಬರುತ್ತಿರುವಾಗ ಐವತ್ತು ವರ್ಷ ಹಿಂದಿನ ಕಪ್ಪು-ಬಿಳುಪು ಚಿತ್ರದ ಮುಂದೆ ಕೂರುವುದು ಸಮಯ ಕಳೆಯುವ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಹೇಳುವುದು ಬೇರೆ ಊರಿನಲ್ಲಿ ಕಷ್ಟವಾದೀತು. ನಮ್ಮ ಜಿಲ್ಲೆಯಲ್ಲಿ ಅಷ್ಟು ಕಷ್ಟವಿಲ್ಲ.

ಯಾಕೆಂದರೆ ನಾವು ಯಕ್ಷಗಾನ ನೋಡಿ ಬೆಳೆದವರು. ಕಟೀಲು ಮೇಳದ 'ಶ್ರೀ ದೇವಿ ಮಹಾತ್ಮೆ'ಯನ್ನು ಎಷ್ಟು ಸಲ ನೋಡಿದ್ದೀರಿ ಎಂದು ಇಲ್ಲಿರುವ ಹಿರಿಯರನ್ನು ಕೇಳಿದರೆ ಲೆಕ್ಕ ಸಿಗಲಿಕ್ಕಿಲ್ಲ. ಮಹಿಷಾಸುರ ಬರುತ್ತಾನೆ, ದೇವಿ ಅವನನ್ನು ಕೊಲ್ಲುತ್ತಾಳೆ ಎಂಬುದು ಮಕ್ಕಳಿಗೂ ಗೊತ್ತು. ಆದರೂ ಮುಂದಿನ ಆಟಕ್ಕೆ ಚಾಪೆ ಹಿಡಿದುಕೊಂಡು ಹೋಗುತ್ತೇವೆ. ತಾಳಮದ್ದಳೆಯಲ್ಲಿ ವಾಲಿಯ ವಧೆಯಾಗುವುದು ಗೊತ್ತಿದ್ದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇಂದು ರಾಮನಿಗೆ ಏನು ಕೇಳುತ್ತಾನೆ ಎಂದು ಕಾಯುತ್ತ ಕುಳಿತವರು ನಿಮ್ಮ ನಡುವೆ ಇದ್ದೀರಿ. ಕತೆ ತಿಳಿದುಕೊಳ್ಳುವುದೊಂದೇ ನೋಡುವುದರ ಉದ್ದೇಶವಲ್ಲ ಎಂಬುದು ಈ ಮಣ್ಣಿನವರಿಗೆ ಹೊಸ ಪಾಠವೇನಲ್ಲ.

ಆದರೆ ಆಟಕ್ಕೂ ಸಿನಿಮಾಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಆಟ ಪ್ರತಿ ರಾತ್ರಿಯೂ ಹೊಸದು. ಭಾಗವತರು ಬೇರೆ, ವೇಷಧಾರಿ ಬೇರೆ, ಅಂದಿನ ಮಾತು ಬೇರೆ. ಸಿನಿಮಾ ಹಾಗಲ್ಲ. 1975ರಲ್ಲಿ ರೀಲಿನ ಮೇಲೆ ಮೂಡಿದ ಮುಖ ಇವತ್ತಿಗೂ ಅದೇ ಮುಖ, ಅದೇ ಕಣ್ಣು, ಅದೇ ಮಾತು. ಒಂದು ಚೂರೂ ಅತ್ತಿತ್ತ ಆಗುವುದಿಲ್ಲ. ಅಂದ ಮೇಲೆ ಎರಡನೆಯ ಸಲ ನೋಡಿದಾಗ ಅದು ಬೇರೆಯಾಗಿ ಕಂಡರೆ, ಬದಲಾದದ್ದು ಸಿನಿಮಾ ಅಲ್ಲ, ನೋಡಿದವರು. ಗೋಡೆಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿ ಮಕ್ಕಳ ಎತ್ತರ ಅಳೆಯುತ್ತೇವಲ್ಲ, ಒಳ್ಳೆಯ ಹಳೆಯ ಸಿನಿಮಾ ಅಂಥ ಗೀಟು. ಅದು ಅಲ್ಲೇ ಇರುತ್ತದೆ. ನಾವು ಎಷ್ಟು ಬೆಳೆದಿದ್ದೇವೆ, ಅಥವಾ ಬೆಳೆದಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಮತ್ತೆ ಮತ್ತೆ ನೋಡಬೇಕಾದ ಚಿತ್ರ ಯಾವುದು ಎಂದು ಕೇಳಿದರೆ, ಹೀಗೆ ಅಳೆಯಲು ಬರುವ ಚಿತ್ರ ಎಂದು ಹೇಳುತ್ತೇನೆ.

ನಮ್ಮ ನೆರೆಯ ಚಿತ್ರ

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದಲ್ಲಿ 1929ರಲ್ಲಿ ಒಬ್ಬ ಹುಡುಗ ಹುಟ್ಟಿದ. ನಾಟಕದ ಹುಚ್ಚಿನಲ್ಲಿ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪೆನಿ ಸೇರಿದ. ಮುಂದೆ ಕಾಶಿಯಲ್ಲಿ ಓದಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಕೊನೆಗೆ ಅದೇ ಶಾಲೆಯ ನಿರ್ದೇಶಕನೂ ಆದ. ಅವರೇ ಬಿ.ವಿ. ಕಾರಂತರು. ಮೈಸೂರಿನ ರಂಗಾಯಣವನ್ನು ಕಟ್ಟಿದವರೂ ಅವರೇ. 2002ರಲ್ಲಿ ತೀರಿಕೊಂಡರು.

ಕಾರಂತರು 1975ರಲ್ಲಿ 'ಚೋಮನ ದುಡಿ' ಚಿತ್ರ ಮಾಡಿದರು. ಕತೆ ಶಿವರಾಮ ಕಾರಂತರದು, 1933ರ ಕಾದಂಬರಿ. ಆ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಇದಕ್ಕೆ ಬಂತು. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವರಾವ್ ಅತ್ಯುತ್ತಮ ನಟರೆನಿಸಿದರು. ಅವರೂ ಗುಬ್ಬಿ ಕಂಪೆನಿಯಲ್ಲಿ ಪಳಗಿದವರು. ಎಷ್ಟೋ ವರ್ಷ ಸಣ್ಣಪುಟ್ಟ ಪಾತ್ರಗಳಲ್ಲೇ ಕಳೆದುಹೋಗಿದ್ದ ಮನುಷ್ಯನಿಗೆ ಮುಪ್ಪಿನ ಹೊತ್ತಿಗೆ ಇಡೀ ಚಿತ್ರವನ್ನು ಹೊರುವ ಪಾತ್ರ ಸಿಕ್ಕಿತು.

ಕತೆ ನಿಮಗೆ ಗೊತ್ತಿರುವಂಥದ್ದೇ. ಚೋಮ ಅಸ್ಪೃಶ್ಯನೆನಿಸಿದ ಜಾತಿಯವನು, ಧಣಿಯ ಮನೆಯ ಮೂಲದ ಆಳು. ಕಾಡಿನಲ್ಲಿ ಸಿಕ್ಕಿದ ಎರಡು ಎತ್ತುಗಳನ್ನು ಸಾಕಿಕೊಂಡಿದ್ದಾನೆ. ಒಂದು ತುಂಡು ಗದ್ದೆ ಸಿಕ್ಕಿದರೆ ಸ್ವಂತ ಬೇಸಾಯ ಮಾಡಬೇಕು ಎಂಬುದೊಂದೇ ಆಸೆ. ಅವನ ಜಾತಿಯವನು ಬೇಸಾಯಗಾರನಾಗುವುದು ಕಟ್ಟಳೆಗೆ ಒಪ್ಪದು. ಕಾಫಿ ತೋಟದ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಮಗ ರೋಗದಿಂದ ಸಾಯುತ್ತಾನೆ, ಮತ್ತೊಬ್ಬ ಮತಾಂತರವಾಗುತ್ತಾನೆ. ಕಿರಿಯವನು ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಎಂದು ಯಾರೂ ಎತ್ತುವುದಿಲ್ಲ. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು, ಸಾಯುವ ತನಕ ದುಡಿ ಬಾರಿಸುತ್ತಾನೆ.

ನಾಲ್ಕು ನೋಟ

ಮೊದಲ ಸಲ ನೋಡಿದಾಗ ಇದು ಚೋಮನ ದುಃಖದ ಕತೆ. ಅಯ್ಯೋ ಪಾಪ ಎನ್ನಿಸುತ್ತದೆ, ಕಣ್ಣು ತೇವವಾಗುತ್ತದೆ, ಅಷ್ಟಕ್ಕೆ ಮುಗಿಯುತ್ತದೆ.

ಎರಡನೆಯ ಸಲ ಕಣ್ಣು ಬೆಳ್ಳಿಯ ಮೇಲೆ ಹೋಗುತ್ತದೆ. ಬೆಳ್ಳಿ ಚೋಮನ ಮಗಳು, ಆ ಪಾತ್ರವನ್ನು ಪದ್ಮಾ ಕುಮಟಾ ಮಾಡಿದ್ದಾರೆ. ಅಣ್ಣಂದಿರಿಂದ ತೀರದ ಸಾಲ ಅವಳಿಂದ ತೀರುತ್ತದೆ. ಹೇಗೆ ತೀರಿತು ಎಂಬುದು ನೋಡುವ ನಮಗೆ ಗೊತ್ತು: ತೋಟದ ಧಣಿ ಅವಳ ಮೇಲೆ ಅತ್ಯಾಚಾರ ಮಾಡಿ ಸಾಲದ ಲೆಕ್ಕ ಅಳಿಸಿದ್ದಾನೆ. ಅದೇ ಬೆಳ್ಳಿ ತೋಟದ ರೈಟರ್ ಮನ್ವೇಲನ ಜತೆ ಸಿಕ್ಕಿದಾಗ ಚೋಮ ಅವಳನ್ನು ಹೊಡೆದು ಹೊರಗೆ ಹಾಕುತ್ತಾನೆ. ಮೊದಲ ಸಲ ನೋಡುವಾಗ ಇದು ನೊಂದ ತಂದೆಯ ಸಿಟ್ಟು. ಎರಡನೆಯ ಸಲ ಹಾಗೆ ಕಾಣುವುದಿಲ್ಲ. ಎಲ್ಲರ ಕಾಲ ಕೆಳಗೆ ಸಿಕ್ಕಿದವನ ಕಾಲ ಕೆಳಗೂ ಒಬ್ಬಳಿದ್ದಾಳೆ ಎಂಬುದು ಕಾಣುತ್ತದೆ. ಚಿತ್ರ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಮತ್ತೆ ನೋಡಿದವರಿಗೆ ತೋರಿಸುತ್ತದೆ.

ಮೂರನೆಯ ಸಲ ಕಣ್ಣಿಗಿಂತ ಕಿವಿಗೆ ಕೆಲಸ. ಬಿ.ವಿ. ಕಾರಂತರು ಸಂಗೀತದ ಮನುಷ್ಯ, ಈ ಚಿತ್ರದ ಸಂಗೀತವೂ ಅವರದೇ. ಚೋಮನಂಥವನು ನಿಜವಾಗಿ ಆಡುತ್ತಿದ್ದುದು ತುಳು. ಕಾದಂಬರಿ, ಚಿತ್ರ ಎರಡೂ ಕನ್ನಡ. ಆದ್ದರಿಂದ ಅವನ ಮಾತೆಲ್ಲ ಒಂದು ಲೆಕ್ಕದಲ್ಲಿ ಅನುವಾದ. ಅನುವಾದವಾಗದೆ ಉಳಿದದ್ದು ದುಡಿ ಮಾತ್ರ. ಧಣಿಯ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುವವನು ಗುಡಿಸಲಿಗೆ ಬಂದು ದುಡಿ ಎತ್ತಿಕೊಂಡಾಗ ಬೇರೆಯೇ ಮನುಷ್ಯನಾಗುತ್ತಾನೆ. ಸಂತೋಷಕ್ಕೂ ಅದೇ ದುಡಿ, ಸಿಟ್ಟಿಗೂ ಅದೇ, ಸಾವಿಗೂ ಅದೇ. ಹೆಸರಿನಲ್ಲೇ ದುಡಿ ಯಾಕಿದೆ ಎಂಬುದು ಆಗ ತಿಳಿಯುತ್ತದೆ.

ನಾಲ್ಕನೆಯ ನೋಟಕ್ಕೆ ಸ್ವಲ್ಪ ಚರಿತ್ರೆ ಬೇಕು. ಇದು ನಮ್ಮ ಮನೆಗಳಿಗೇ ಸಂಬಂಧಿಸಿದ ವಿಷಯ, ಆದ್ದರಿಂದ ಸಾವಧಾನವಾಗಿ ಹೇಳುತ್ತೇನೆ.

ಡಿಕ್ಲರೇಷನ್ ಮತ್ತು ಚೋಮ

ಚಿತ್ರ ಬಂದ 1975ನ್ನು ನೆನಪಿಸಿಕೊಳ್ಳಿ. ದೇವರಾಜ ಅರಸರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂದಿತ್ತು. ಉಳುವವನೇ ಹೊಲದೊಡೆಯ ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಕೇಳುತ್ತಿತ್ತು. ಗೇಣಿ ವ್ಯವಸಾಯ ವ್ಯಾಪಕವಾಗಿದ್ದ ನಮ್ಮ ಜಿಲ್ಲೆಯಲ್ಲಿ ಒಕ್ಕಲುಗಳು ಏಳನೆಯ ನಮೂನೆಯ ಅರ್ಜಿ ತುಂಬಿ ಟ್ರಿಬ್ಯೂನಲ್ ಮುಂದೆ ನಿಂತರು. ನಮ್ಮ ಆಡುಮಾತಿನಲ್ಲಿ ಅದಕ್ಕೆ 'ಡಿಕ್ಲರೇಷನ್ ಕೊಡುವುದು' ಎಂದೇ ಹೆಸರು. ಈ ಸಭೆಯಲ್ಲೂ ಎಷ್ಟೋ ಮನೆಗಳ ಗದ್ದೆ, ತೋಟ ಹಾಗೆ ಬಂದದ್ದು. ಆ ಭೂಮಿಯಿಂದ ಮಕ್ಕಳು ಓದಿದರು, ಬ್ಯಾಂಕು ಸೇರಿದರು, ಮುಂಬಯಿಗೆ, ಗಲ್ಫಿಗೆ ಹೋದರು. ಕರಾವಳಿಯ ಮುಖವನ್ನೇ ಬದಲಿಸಿದ ಕಾನೂನು ಅದು ಎಂಬುದರಲ್ಲಿ ಎರಡು ಮಾತಿಲ್ಲ.

ಈಗ ಚಿತ್ರಕ್ಕೆ ಬನ್ನಿ. ಆ ದಿನಗಳಲ್ಲಿ 'ಚೋಮನ ದುಡಿ' ನೋಡಿದವರಿಗೆ, ಇದು ಹಿಂದಿನ ಕಾಲದ ಕತೆ, ಇನ್ನು ಇಂಥದ್ದು ಇರುವುದಿಲ್ಲ ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಅದೇ 1975ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಜೀತ ಪದ್ಧತಿಯನ್ನೂ ಸುಗ್ರೀವಾಜ್ಞೆಯ ಮೂಲಕ ರದ್ದು ಮಾಡಿತು, ಮರುವರ್ಷ ಅದು ಕಾನೂನಾಯಿತು. ಕಾಗದದ ಮೇಲೆ ಚೋಮನ ಎರಡು ಸಂಕೋಲೆಗಳೂ ಕಡಿದುಬಿದ್ದಂತೆ ಕಾಣುತ್ತದೆ.

ಇವತ್ತು ಅದೇ ಚಿತ್ರ ನೋಡುವಾಗ ಬೇರೊಂದು ಪ್ರಶ್ನೆ ಏಳುತ್ತದೆ. ಚೋಮ 1974ರಲ್ಲಿ ಬದುಕಿದ್ದರೆ ಡಿಕ್ಲರೇಷನ್ ಕೊಡಬಹುದಾಗಿತ್ತೇ? ಕೊಡುವಂತಿರಲಿಲ್ಲ. ಭೂಮಿ ಸಿಗುವುದು ಗೇಣಿಗೆ ಉಳುತ್ತಿದ್ದ ಒಕ್ಕಲಿಗೆ. ಚೋಮ ಒಕ್ಕಲಲ್ಲ, ಕೂಲಿಯಾಳು. ಅವನ ಕೈಯಲ್ಲಿ ಗೇಣಿಚೀಟಿ ಇಲ್ಲ. ಅವನು ಒಕ್ಕಲಾಗಬಾರದು ಎಂದು ತಡೆದದ್ದೇ ಆ ಕಟ್ಟಳೆ. ಕಾದಂಬರಿಯಲ್ಲಿ ಧಣಿ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗುತ್ತದೆ. ಸಂಪ್ರದಾಯ ಬಿಡಬಾರದೆಂದು ಅಡ್ಡ ಬರುವವಳು ಅವನ ತಾಯಿ. ಅಂದು ಅಂಗಳದಲ್ಲಿ ಸಿಕ್ಕ 'ಇಲ್ಲ' ಎಂಬ ಉತ್ತರವೇ ನಲವತ್ತು ವರ್ಷದ ಬಳಿಕ ಅರ್ಜಿ ನಮೂನೆಯಲ್ಲೂ ಉಳಿದುಕೊಂಡಿತು. ಉಳುವವನಿಗೆ ಹೊಲ ಬಂತು. ಉಳಲು ಬಿಡದೆ ಇಟ್ಟವನಿಗೆ ಹೆಚ್ಚೆಂದರೆ ಗುಡಿಸಲಿದ್ದ ಅಡಿಸ್ಥಳ ಬಂತು.

ಇದು ಹಳೆಯ ಮಾತಲ್ಲ. ದಕ್ಷಿಣ ಕನ್ನಡದಲ್ಲಿ ದಲಿತರಿಗೆಂದು ಹಿಂದೆ ಕಾದಿರಿಸಿದ ಡಿ.ಸಿ. ಮನ್ನಾ ಭೂಮಿಯನ್ನು ಹಂಚಿಕೊಡಿ ಎಂಬ ಬೇಡಿಕೆ ದಲಿತ ಸಂಘಟನೆಗಳ ಅಹವಾಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಪತ್ರಿಕೆಗಳ ಒಳಪುಟದ ಒಂದು ಮೂಲೆಯಲ್ಲಿ ಸಣ್ಣ ಸುದ್ದಿಯಾಗಿ ಮುಗಿಯುತ್ತದೆ. 'ಚೋಮನ ದುಡಿ' ನೋಡಿದ ಮೇಲೆ ಆ ಸಣ್ಣ ಸುದ್ದಿಯನ್ನು ಓದುವ ರೀತಿ ಬೇರೆಯಾಗುತ್ತದೆ. ಕತೆಯಲ್ಲಿ ಧಣಿಯ ವಿರುದ್ಧ ಚೋಮನ ಪರ ನಿಂತು ಕಣ್ಣೀರು ಹಾಕುವುದು ಸುಲಭ. ಅಂದು ಭೂಮಿ ಪಡೆದ ಒಕ್ಕಲಿನ ಮಕ್ಕಳು, ಮೊಮ್ಮಕ್ಕಳು ಇಂದು ಯಾರ ಸ್ಥಾನದಲ್ಲಿದ್ದಾರೆ ಎಂದು ಕೇಳಿಕೊಳ್ಳುವುದು ಅಷ್ಟು ಸುಲಭವಲ್ಲ. ಮೊದಲ ನೋಟದಲ್ಲಿ ಬಾರದ ಈ ಪ್ರಶ್ನೆ ನಾಲ್ಕನೆಯ ನೋಟದಲ್ಲಿ ಬರುತ್ತದೆ. ಮತ್ತೆ ನೋಡುವುದರ ಬೆಲೆ ಇದೇ.

ನಾಣಿ, ಯಮುನಾ, ಉಡುಪ

ಇನ್ನೊಂದು ಚಿತ್ರ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. 1977ರದು, ಅದಕ್ಕೂ ಸ್ವರ್ಣಕಮಲ ಬಂತು. ಯು.ಆರ್. ಅನಂತಮೂರ್ತಿಯವರ ಕತೆ. ಕ್ಯಾಮೆರಾ ಎಸ್. ರಾಮಚಂದ್ರ ಅವರದು, 'ಚೋಮನ ದುಡಿ'ಯನ್ನು ಸೆರೆಹಿಡಿದದ್ದೂ ಅವರೇ. ಸಂಗೀತ ನಮ್ಮ ಬಿ.ವಿ. ಕಾರಂತರದು.

ವೇದ ಕಲಿಯಲು ಉಡುಪರ ಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿ. ಅಲ್ಲಿ ಅವನಿಗೆ ಅಕ್ಕರೆ ತೋರುವವಳು ಉಡುಪರ ಮಗಳು, ವಿಧವೆ ಯಮುನಾ. ಅವಳು ಬಸಿರಾಗುತ್ತಾಳೆ. ಊರು ಬಹಿಷ್ಕಾರ ಹಾಕುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ.

ಇದನ್ನು ಹತ್ತು ವರ್ಷದ ಮಗು ನೋಡಿದರೆ ನಾಣಿಯ ಜತೆ ನಡೆಯುತ್ತದೆ. ಮನೆ ಬಿಟ್ಟು ಬಂದ ಹೆದರಿಕೆ, ದೊಡ್ಡ ಹುಡುಗರ ಕಾಟ, ಪ್ರೀತಿಯ ಅಕ್ಕನಿಗೆ ಏನೋ ಆಗಿದೆ ಎಂಬ ಅರ್ಥವಾಗದ ಗಾಬರಿ. ಇಪ್ಪತ್ತೈದರ ಹೆಣ್ಣುಮಗಳು ನೋಡಿದರೆ ಯಮುನಾಳ ಜತೆ ಕೂರುತ್ತಾಳೆ. ಬಸಿರಿಗೆ ಕಾರಣನಾದ ಗಂಡಸಿಗೆ ಊರು ಏನು ಶಿಕ್ಷೆ ಕೊಟ್ಟಿತು ಎಂದು ಕೇಳುತ್ತಾಳೆ. ಐವತ್ತು ದಾಟಿ, ಮಗಳನ್ನು ಮದುವೆ ಮಾಡಿಕೊಟ್ಟ ತಂದೆ ನೋಡಿದರೆ ಉಡುಪರ ಮುಖದಿಂದ ಕಣ್ಣು ಕೀಳಲಾಗುವುದಿಲ್ಲ. ಊರಿನ ಎದುರು ತಾನಾದರೂ ಮಗಳ ಪಕ್ಕ ನಿಲ್ಲುತ್ತಿದ್ದೆನೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನಾಳನ್ನು ನೋಡುತ್ತ ನಾಣಿ ಅಪ್ಪನ ಜತೆ ಊರಿಗೆ ಹೊರಡುತ್ತಾನೆ. ಒಂದೇ ದೃಶ್ಯ, ಮೂರು ವಯಸ್ಸಿಗೆ ಮೂರು ಅರ್ಥ.

ಪ್ರಶಸ್ತಿ ಬಂದ ಚಿತ್ರಗಳಿಗೆ ಮಾತ್ರ ಈ ಗುಣ ಇರುತ್ತದೆ ಎಂದು ಯಾರೂ ತಿಳಿಯಬಾರದು. 1972ರ 'ಬಂಗಾರದ ಮನುಷ್ಯ'ವನ್ನು ತೆಗೆದುಕೊಳ್ಳಿ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನಲ್ಲಿ ಎರಡು ವರ್ಷ ಓಡಿತು ಎಂದು ಹೆಸರಾದ ಚಿತ್ರ. ಜನ ಆಗಲೇ ಅದನ್ನು ಮತ್ತೆ ಮತ್ತೆ ನೋಡಿದರು, ಯಾರೂ ಭಾಷಣ ಮಾಡಿ ಕರೆಯಬೇಕಾಗಿರಲಿಲ್ಲ. ಓದಿದವನು ಹಳ್ಳಿಗೆ ಬಂದು ಬಂಜರು ನೆಲವನ್ನು ಹಸುರು ಮಾಡುವ ಉತ್ಸಾಹ ಅಂದಿನ ಯುವಕರಿಗೆ ಹಿಡಿಸಿತು. ಮಕ್ಕಳು ಬೆಂಗಳೂರು ಸೇರಿ, ತೋಟಕ್ಕೆ ಆಳು ಸಿಗದೆ, ಗದ್ದೆ ಹಡಿಲು ಬಿದ್ದಿರುವ ಈಗಿನ ಹಿರಿಯರಿಗೆ ಮನಸ್ಸಿನಲ್ಲಿ ಉಳಿಯುವುದು ಬೇರೆ ಭಾಗ. ತಾನು ಬೆಳೆಸಿದವರಿಂದಲೇ ಮಾತು ಕೇಳಿ, ಏನೂ ಹೇಳದೆ ಮನೆ ಬಿಟ್ಟು ಹೋಗುವ ರಾಜೀವಪ್ಪನ ಬೆನ್ನು. ರಾಜಕುಮಾರ್ ಅವರ ಹಾಡು, ಕುಣಿತ ಕಂಡವರು ಈ ಮೌನವನ್ನು ಎರಡನೆಯ ಸಲ ಕಾಣುತ್ತಾರೆ.

ಓಲೆಗರಿ ಮತ್ತು ರೀಲು

ಮತ್ತೆ ನೋಡಬೇಕು ಎಂದರೆ ಚಿತ್ರ ಉಳಿದಿರಬೇಕಲ್ಲ. ಇದು ಎರಡನೆಯ ಸಂಗತಿ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಶಿವರಾಮ ಕಾರಂತರೇ ಚಿತ್ರ ತಯಾರಿಕೆಗೆ ಕೈಹಾಕಿ 'ಡೊಮಿಂಗೊ', 'ಭೂತರಾಜ್ಯ' ಎಂಬ ಚಿತ್ರಗಳನ್ನು ಮಾಡಿದ್ದರು. ಅವುಗಳ ಹೆಸರು ಪುಸ್ತಕದಲ್ಲಿದೆ, ಚಿತ್ರ ಕಣ್ಣೆದುರಿಗಿಲ್ಲ. ಕಾರಣ ಸರಳ. ಹಳೆಯ ಕಾಲದ ನೈಟ್ರೇಟ್ ಫಿಲ್ಮು ಬೇಗನೆ ಬೆಂಕಿ ಹಿಡಿಯುತ್ತಿತ್ತು. ಅನಂತರ ಬಂದ ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವದಲ್ಲಿ ಕೊಳೆಯುತ್ತದೆ, ಡಬ್ಬ ತೆರೆದರೆ ವಿನೆಗರಿನ ಹುಳಿ ವಾಸನೆ ಹೊಡೆಯುತ್ತದೆ. ನಮ್ಮ ಕರಾವಳಿಯ ಹವೆ ಇದಕ್ಕೆ ಹೇಳಿಮಾಡಿಸಿದ ಶತ್ರು. ಇದಲ್ಲದೆ ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಓಡಿ ಮುಗಿದ ಪ್ರಿಂಟುಗಳನ್ನು ಕರಗಿಸಿ ಮಾರಿದ್ದೂ ಉಂಟು.

ಸಂಗ್ರಹದ ಬೆಲೆ ನಮ್ಮ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೌಟ ಅರಸರ ಕಾಲದಿಂದ ಪುತ್ತಿಗೆಗೂ ಮೂಡುಬಿದಿರೆಗೂ ನಂಟು. ಆ ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಕಾದುಕೊಂಡು ಬಂದರು. ಬೇರೆಲ್ಲೂ ಉಳಿಯದ ಗ್ರಂಥ ಇಲ್ಲಿ ಉಳಿಯಿತು, 1939ರಿಂದ ಅಚ್ಚಾಗಿ ಲೋಕಕ್ಕೆ ಸಿಕ್ಕಿತು. ಕಾದವರು ಇದ್ದುದರಿಂದ ಶತಮಾನಗಳ ಹಿಂದಿನ ಓಲೆ ಉಳಿದ ನಾಡಿನಲ್ಲಿ ತೊಂಬತ್ತು ವರ್ಷ ಹಿಂದಿನ ಸಿನಿಮಾ ಉಳಿಯಲಿಲ್ಲ.

ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದ ಮೇಲೆ ಸ್ವಲ್ಪ ಸ್ಥಿತಿ ಸುಧಾರಿಸಿತು. ಸಂತೋಷದ ಸುದ್ದಿಯೂ ಇದೆ. 'ಘಟಶ್ರಾದ್ಧ'ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್, ಪುಣೆಯ ಸಂಗ್ರಹಾಲಯ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಹುಟ್ಟುಹಾಕಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಜೀರ್ಣೋದ್ಧಾರ ಮಾಡಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದನ್ನು ತೋರಿಸಲಾಯಿತು. ನಮ್ಮ ಅಗ್ರಹಾರದ ನಾಣಿಯನ್ನು ಇಟಲಿಯ ಜನ ಶುಭ್ರವಾಗಿ ಕಂಡರು. ನಾವು ಮಾತ್ರ ಇಂಥ ಎಷ್ಟೋ ಚಿತ್ರಗಳನ್ನು ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ ಮಸುಕು ಪ್ರತಿಯಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ ನೋಡುತ್ತಿದ್ದೇವೆ.

ಹೇಗೆ ನೋಡೋಣ?

ಹಳ್ಳಿಯವರಿಗೆ ಇಂಥ ಚಿತ್ರಗಳು ರುಚಿಸುವುದಿಲ್ಲ ಎಂಬ ಮಾತನ್ನು ಒಪ್ಪಬೇಕಾಗಿಲ್ಲ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಆರಂಭಿಸಿದರು. ಅಡಿಕೆ ಬೆಳೆಗಾರರು, ಕೂಲಿಕಾರರು ಕುಳಿತು ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಜಪಾನಿನ ಕುರೊಸಾವಾ ಅವರ 'ರಾಶೊಮಾನ್' ನೋಡಿದರು. ಚಿತ್ರಕ್ಕೆ ಮೊದಲು ನಾಲ್ಕು ಮಾತು, ಮುಗಿದ ಮೇಲೆ ಚರ್ಚೆ. ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಲ್ಲಿ ಹೇಳುವ 'ರಾಶೊಮಾನ್' ನಮಗೆ ದೂರದ್ದೆನಿಸಿದರೆ, ಮಲ್ಪೆಯ ಕಡಲ ದಡದಲ್ಲಿ ನಡೆಯುವ 2014ರ 'ಉಳಿದವರು ಕಂಡಂತೆ' ನೋಡಿ. ಅದೇ ಕಸುಬು ನಮ್ಮದೇ ಮಾತಿನಲ್ಲಿದೆ.

ಆದ್ದರಿಂದ ನನ್ನ ಸೂಚನೆ ಚಿಕ್ಕದು. ತಿಂಗಳಿಗೊಂದು ಹಳೆಯ ಚಿತ್ರವನ್ನು ಊರಿನ ಸಭಾಭವನದಲ್ಲೋ ಶಾಲೆಯಲ್ಲೋ, ಹಕ್ಕು ಇದ್ದವರ ಅನುಮತಿ ಪಡೆದು, ದೊಡ್ಡ ಪರದೆಯ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ನೋಡೋಣ. ಒಟ್ಟಿಗೆ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಡಿಕ್ಲರೇಷನ್‌ನಲ್ಲಿ ಭೂಮಿ ಪಡೆದ ಮನೆಯವರು, ಕಳೆದುಕೊಂಡ ಮನೆಯವರು, ಎರಡೂ ಇಲ್ಲದೆ ಕಾಲನಿಯಲ್ಲಿ ಉಳಿದವರು, ಮೂವರೂ ಒಂದೇ ಸಾಲಿನಲ್ಲಿ ಕುಳಿತು 'ಚೋಮನ ದುಡಿ' ನೋಡಬೇಕು. ಅಜ್ಜಿಯಂದಿರು, ಮೊಮ್ಮಕ್ಕಳು ಒಂದೇ ಚಾಪೆಯಲ್ಲಿ ಕುಳಿತು 'ಘಟಶ್ರಾದ್ಧ' ನೋಡಬೇಕು. ಮುಗಿದ ಕೂಡಲೇ ಎದ್ದು ಹೋಗದೆ ಯಾರು ಏನು ಕಂಡರು ಎಂದು ಹೇಳಿಕೊಳ್ಳಬೇಕು. ಚಿತ್ರ ಒಂದೇ ಆದರೂ ಕಂಡದ್ದು ಬೇರೆ ಬೇರೆ ಎಂಬುದು ಆಗ ತಿಳಿಯುತ್ತದೆ. ಪಕ್ಕದಲ್ಲಿ ಕುಳಿತವರು ಯಾರು ಎಂಬುದೂ ಸ್ವಲ್ಪ ತಿಳಿಯುತ್ತದೆ.

ಐದು ವರ್ಷ ಬಿಟ್ಟು ಅದೇ ಚಿತ್ರವನ್ನು ಮತ್ತೆ ಹಾಕೋಣ. ಅಂದು ಚೋಮನನ್ನು ನೋಡಿ ಬರೀ ಪಾಪ ಎನ್ನಿಸಿದರೆ ನಾವು ಇದ್ದಲ್ಲೇ ಇದ್ದೇವೆ ಎಂದರ್ಥ.